ಬೇವಿನ ಬುಡದ ಸುತ್ತುಗಾಯ

ಮೊನ್ನೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಹೆಂಗಸೊಬ್ಬಳು ಗೋಣಿಚೀಲ ಹಾಸಿ ಬೇರು, ಬೀಜ, ಬೇವಿನ ಚಕ್ಕೆ ಮಾರುತ್ತಿದ್ದಳು. ಒಂದು ಚಕ್ಕೆ ಎತ್ತಿ ಮೂಸಿದೆ. ಆ ಹಸಿ ಕಹಿ ವಾಸನೆ ಮೂಗಿಗೆ ತಾಗಿದ್ದೇ ತಡ, "ಇದನ್ನ ಯಾವ ಗಿಡದಿಂದ ಕೆತ್ತಿದಿ?" ಎಂದು ಪೊಲೀಸರ ದನಿಯಲ್ಲಿ ಕೇಳಿಬಿಟ್ಟೆ. ಅವಳು ಚಕ್ಕೆ ಕಸಿದುಕೊಂಡು, "ತಗೊಳ್ಳೋದಿದ್ರ ತಗೋರಿ, ಇಲ್ಲಾಂದ್ರ ನಡೀರಿ" ಎಂದಳು. ನಿವೃತ್ತ ವಿಜ್ಞಾನ ಶಿಕ್ಷಕಿಗೆ ಇಷ್ಟು ಮರ್ಯಾದೆ ಸಾಕು. ಆದರೆ ನನ್ನ ಅನುಮಾನಕ್ಕೂ ಒಂದು ಹಿನ್ನೆಲೆ ಇದೆ, ಕೇಳಿ.

ನೌಕರಿಯ ಮೊದಲ ವರ್ಷಗಳಲ್ಲಿ ನಾನು ಸುರಪುರದಲ್ಲಿ ಶರಣಮ್ಮ ಎಂಬವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಅಂಗಳದಲ್ಲಿ ದೊಡ್ಡ ಬೇವಿನ ಮರ. ಶರಣಮ್ಮ ಅಕ್ಕಿ ಆರಿಸುವುದು, ಜಗಳ ಆಡುವುದು, ಮಧ್ಯಾಹ್ನ ಒರಗುವುದು ಎಲ್ಲ ಅದರ ಕೆಳಗೇ. ಗಂಡ ತೀರಿಕೊಂಡ ದಿನವೂ ಅವರು ಒಳಗೆ ಅಳಲಿಲ್ಲವಂತೆ, ಈ ಬೇವಿಗೆ ಬೆನ್ನು ಕೊಟ್ಟು ಅತ್ತರಂತೆ. ಸುರಪುರದ ಬಿಸಿಲು ಬಲ್ಲವರಿಗೆ ಅಂಥ ನೆರಳಿನ ಬೆಲೆ ನಾನು ಹೇಳಬೇಕಾಗಿಲ್ಲ.

ಒಂದು ಬೇಸಿಗೆ ಮರದ ಎಲೆ ಹಳದಿಗೆ ತಿರುಗತೊಡಗಿತು. ಬೇವು ಚಿಗುರುವ ಕಾಲದಲ್ಲಿ ಹೀಗಾಗಬಾರದು. ಬುಡದ ಹತ್ತಿರದ ನೀರಿನ ಡ್ರಮ್ಮು ಸರಿಸಿ ನೋಡಿದೆ. ಮೊಣಕಾಲೆತ್ತರದಲ್ಲಿ ಕಾಂಡದ ಸುತ್ತ ತೊಗಟೆಯೇ ಇರಲಿಲ್ಲ. ಬಿಳಿ ಕಟ್ಟಿಗೆ ಕಾಲ್ಗಡಗದ ಹಾಗೆ ಕಾಣುತ್ತಿತ್ತು.

ಮರದ ಮೈ ಹೇಗಿದೆ ಎಂದು ಗೊತ್ತಿದ್ದವರಿಗೆ ಆ ದೃಶ್ಯ ಹೆದರಿಕೆ ಹುಟ್ಟಿಸುತ್ತದೆ. ನಡುವಿನ ಕೆಚ್ಚು ಗಟ್ಟಿ ನಿಜ, ಆದರೆ ಅದು ಸತ್ತ ಕಟ್ಟಿಗೆ. ಅದರ ಹೊರಗಿನ ಎಳೆಯ ಕಟ್ಟಿಗೆಯಲ್ಲಿ ನೀರು ಮೇಲೇರುತ್ತದೆ. ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿ. ಇವೆರಡರ ನಡುವೆ ಒಂದು ತೆಳು ಪದರ, ಮರವನ್ನು ವರ್ಷವರ್ಷ ದಪ್ಪ ಮಾಡುವುದು ಅದೇ. ಸುತ್ತಲೂ ತೊಗಟೆ ತೆಗೆದರೆ ನೀರು ಏರುತ್ತಲೇ ಇರುತ್ತದೆ, ಎಲೆ ಕೆಲಕಾಲ ಹಸಿರಾಗಿಯೇ ಇರುತ್ತದೆ, ಕೆಳಗೆ ಬೇರು ಉಪವಾಸ ಸಾಯುತ್ತದೆ. ಸದ್ದಿಲ್ಲದ ಕೊಲೆ.

ಶರಣಮ್ಮ ಗಾಯ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಟೀಚರ್, ಸಾಲಿ ಹುಡುಗ್ಯಾರಿಗಿ ತೋರಸ್ಲಾಕ ಇದರ ಟೊಂಗಿ ನೀವೇ ಒಯ್ಯತಿದ್ರಿ."

"ಟೊಂಗಿ ಒಯ್ದೀನ್ರಿ ಅಮ್ಮ. ಬುಡ ಮುಟ್ಟಿಲ್ಲ."

"ಎಲ್ಲಿ ಕೊಯ್ದ್ರ ಸಾಯತದಂತ ಓದಿದವರಿಗೇ ಗೊತ್ತಿರತದ."

ಅವತ್ತಿನಿಂದ ನನಗೆ ಅವರ ಮನೆಯ ಮಜ್ಜಿಗೆ ನಿಂತಿತು. ನನ್ನ ಅನುಮಾನ ಮಾತ್ರ ಪಕ್ಕದ ಮನೆಯ ಬಡಿಗ ಚಂದಪ್ಪನವರ ಮೇಲಿತ್ತು. ಯುಗಾದಿಗೆ ಬಂದಾಗ ಅವರು ಕಾಂಡ ತಟ್ಟಿ, "ಭಾರಿ ಕೆಚ್ಚಿನ ಗಿಡರಿ, ಚೌಕಟ್ಟಿಗಿ ಒಂದ್ನಂಬರ್" ಎಂದಿದ್ದರು. ಅಂದಿನಿಂದ ಅವರು ಕೆಮ್ಮಿದರೂ ನನಗೆ ಸುಳಿವಿನಂತೆ ಕೇಳುತ್ತಿತ್ತು.

ಒಂದು ಭಾನುವಾರ ಗಾಯದ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಚನ್ನು ಬೆರಳಿಂದ ಸವರಿದೆ. ಒಂದು ಕಡೆ ಅಂಚು ತುಟಿಯ ಹಾಗೆ ಉಬ್ಬಿತ್ತು. ಆ ತೆಳು ಪದರ ಗಾಯ ಮುಚ್ಚಲು ಬಹಳ ಹಿಂದೆಯೇ ಹೊರಟಿತ್ತು. ಇನ್ನೊಂದು ಕಡೆ ಉಬ್ಬು ಸಣ್ಣದು, ಮತ್ತೊಂದು ಕಡೆ ಇಲ್ಲವೇ ಇಲ್ಲ. ಅಂದರೆ ಇದು ಒಬ್ಬರು ಒಂದೇ ಸಲ ಮಾಡಿದ್ದಲ್ಲ. ಬೇರೆ ಬೇರೆ ಕಾಲದಲ್ಲಿ ತೊಗಟೆ ಕೆತ್ತಿದ ಜಾಗಗಳು ಒಂದಕ್ಕೊಂದು ಕೂಡಿಕೊಂಡು ಸುತ್ತಾಗಿದ್ದವು.

ಶರಣಮ್ಮನವರನ್ನು ಕರೆದು ತೋರಿಸಿದೆ. ಅವರು ಅತಿ ಹಳೆಯ ಉಬ್ಬಿನ ಮೇಲೆ ಬೆರಳಿಟ್ಟರು.

"ಮೊಮ್ಮಗಳಿಗಿ ಕಜ್ಜಿ ಆಗಿತ್ತು. ಕುದಿಸಿ ಮೈ ತೊಳ್ಯಾಕ ಒಂದೀಟು ತಗದಿದ್ದೆ." ಸೆರಗು ಬಾಯಿಗೆ ಹಿಡಿದು ನಿಂತರು. "ನಾನೇ ಸುರು ಮಾಡೀನೇನವ್ವಾ."

ಅವರು ತೆಗೆದದ್ದು ಕಂಡು ಓಣಿಯವರೂ ತೆಗೆದಿದ್ದರು, ಜ್ವರಕ್ಕೆಂದು, ಹುಣ್ಣಿಗೆಂದು. ಕೇಳಿದರೆ ಎಲ್ಲರೂ ಒಪ್ಪಿಕೊಂಡರು, ಎಲ್ಲರದೂ "ಒಂದೀಟು". ಆದರೆ ಕೊನೆಯ ಗಾಯ, ಸುತ್ತನ್ನು ಪೂರ್ತಿ ಮಾಡಿದ್ದು, ತನ್ನದೆಂದು ಯಾರೂ ಒಪ್ಪಲಿಲ್ಲ. ಅದರ ಅಂಚು ನೇರವಾಗಿತ್ತು, ಉಳಿ ಇಟ್ಟು ಹೊಡೆದ ಹಾಗೆ.

ಬೋರ್ಡಿನ ಮೇಲೆ ಚಿತ್ರ ಬರೆದು ಮಾತ್ರ ಗೊತ್ತಿದ್ದ ಕೆಲಸಕ್ಕೆ ಕೈ ಹಾಕಿದೆ. ಅದೇ ಮರದ ಎಳೆ ಟೊಂಗೆ ಕತ್ತರಿಸಿ, ಎರಡೂ ತುದಿ ಚೂಪು ಮಾಡಿ, ಎಲೆಯ ಅಡುಗೆ ಮತ್ತೆ ಬೇರಿಗೆ ಇಳಿಯಲೆಂದು ಗಾಯದ ಮೇಲಿನ ಮತ್ತು ಕೆಳಗಿನ ತೊಗಟೆಯೊಳಗೆ ಸೇತುವೆಯಂತೆ ಸಿಕ್ಕಿಸಿ, ಸಣ್ಣ ಮೊಳೆ ಬಡಿದು, ಸಗಣಿ ಮಣ್ಣು ಮೆತ್ತಿದೆ. ಶರಣಮ್ಮ ನಂಬದೆ ಪಕ್ಕದಲ್ಲೇ ಕೂತು ಕಾದರು. "ಗಾಯದ ಮ್ಯಾಲ ಮೊಳಿನೂ ಹೊಡದ್ರೆಲ್ಲ" ಎಂದು ಗೊಣಗಿದರು. ಕೆಲವು ಕಡ್ಡಿ ಒಣಗಿದವು, ಕೆಲವು ಹಿಡಿದವು. ಮಳೆಗಾಲ ಕಳೆದ ಮೇಲೆ ಮರ ಚಿಗುರಿತು. ಅಂದು ಅವರು ಮಜ್ಜಿಗೆ ತಂದು ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಶರಣಮ್ಮ ಈಗಿಲ್ಲ. ಚಕ್ಕೆ ಮೂಸಿದ ಮರುದಿನ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ಮರ ಇದೆ. ಅಂದಿನ ಕಡ್ಡಿಗಳು ತೋಳಿನಷ್ಟು ದಪ್ಪವಾಗಿ ಕಾಂಡಕ್ಕೆ ಬೆಸೆದುಕೊಂಡಿವೆ. ನೆರಳಲ್ಲಿ ಮುದುಕರಾದ ಚಂದಪ್ಪ ಕುರ್ಚಿ ಹಾಕಿ ಕೂತಿದ್ದರು. ಗುರುತು ಹಿಡಿದು ಚಹಾ ತರಿಸಿದರು. ನಾನು ಕುಡಿಯುತ್ತ ಅವರ ಕೈಗಳನ್ನೇ ನೋಡುತ್ತಿದ್ದೆ.

"ಟೀಚರ್," ಅಂದರು, "ಆ ಉಳಿ ಏಟು ನಂದಲ್ರಿ. ನೀವು ಆಗಿಂದ ಹಿಂಗೇ ನೋಡ್ಕೋತ ಬಂದೀರಿ."

"ನಾ ಹಂಗೇನೂ ಅನಕೊಂಡಿಲ್ರಿ ಚಂದಪ್ಪಣ್ಣ" ಎಂದೆ.

ಅವರು ನನ್ನ ಮುಖ ನೋಡಿದರು. ನಂಬಲಿಲ್ಲ.