ಎಲ್ಲದಕ್ಕೂ ಒಂದೇ ಕೋವಿ

ಇವತ್ತು ಬೆಳಿಗ್ಗೆ ಸಾಲಿಮನ ಗಾಡಿ ಹತ್ತಿದಾಗ ಕೋವಿ ಎಣ್ಣೆಯ ವಾಸನೆ ಬಂತು. ಸೀಟಿನ ಕೆಳಗೆ ಎಣ್ಣೆ ಬಟ್ಟೆ ಬಿದ್ದಿತ್ತು. ಇಲ್ಲಿ ಗಲ್ಫಿನಲ್ಲಿ, ರುಸೈಲಿನ ಕಾರ್ಖಾನೆಯಲ್ಲಿ ಅವನು ಸ್ಟೋರ್ಸ್ ನೋಡಿಕೊಳ್ಳುತ್ತಾನೆ, ನಾನು ಅಕೌಂಟ್ಸ್. ಅವನು ಈ ದೇಶದವನೇ, ಊರು ಇಬ್ರಿ ಕಡೆ. ನೀವು ನಂಬುತ್ತೀರೋ ಇಲ್ಲವೋ, ಕೆಲವು ವರ್ಷಗಳ ಹಿಂದೆ ಅವನಿಗೆ ರೈಫಲ್ ಆರಿಸಿಕೊಟ್ಟವನು ನಾನು.

ಅದಕ್ಕೆ ನನ್ನ ಬಾಯಿಯೇ ಕಾರಣ. ಕಾರ್ಕಳದ ಹತ್ತಿರದ ನಮ್ಮ ಮನೆಯಲ್ಲಿ ಗದ್ದೆಗೆ ಬರುವ ಹಂದಿ ಓಡಿಸಲು ಲೈಸೆನ್ಸಿನ ಕೋವಿ ಇತ್ತೆಂದು ಊಟದ ಹೊತ್ತಿಗೆ ಕೊಚ್ಚಿಕೊಂಡಿದ್ದೆ. ಅಂದಿನಿಂದ ಸಾಲಿಮನ ಕಣ್ಣಿಗೆ ನಾನು ಪರಿಣತ. ಮೈಸೂರಿನವಳಾದ ನನ್ನ ಹೆಂಡತಿ ಇದನ್ನು ಕೇಳಿ ನಕ್ಕಳು. "ನೀವ್ ಯಾವತ್ತು ಹೊಡೆದಿದ್ರಿ ಕೋವೀನ? ಎಲೆಕ್ಷನ್ ಬಂದಾಗ ಪೊಲೀಸ್ ಸ್ಟೇಷನ್ನಿಗೆ ಹೊತ್ಕೊಂಡ್ ಹೋಗಿ ಇಟ್ ಬರ್ತಿದ್ದೆ ಅಂತ ನೀವೇ ಹೇಳಿದ್ರಲ್ಲ." ಹೇಳಿದ್ದು ನಿಜ. ನಮ್ಮ ಕಡೆ ಕೋವಿ ಇರುವವರ ಅನುಭವ ಮುಕ್ಕಾಲು ಪಾಲು ಅದೇ.

ಸಾಲಿಮನಿಗೆ ಪರವಾನಗಿ ಸಿಕ್ಕಿದ್ದು ಒಂದೇ ರೈಫಲಿಗೆ. ಅದು ಈದ್ ದಿನದ ಗುರಿ ಪಂದ್ಯಕ್ಕೂ ಆಗಬೇಕು, ಆಡಿನ ದೊಡ್ಡಿಗೆ ಬರುವ ತೋಳವನ್ನು ಬೆದರಿಸಲಿಕ್ಕೂ ಆಗಬೇಕು, ಮದುವೆಗಳಲ್ಲಿ ಹೆಗಲಿಗೇರಿಸಿ ನಿಂತರೆ ನಾಲ್ಕು ಜನ ನೋಡುವಂತೆಯೂ ಇರಬೇಕು. ಅದಕ್ಕಿಂತ ಮುಖ್ಯವಾಗಿ ಅವನ ಅಪ್ಪ ಹಮೂದ್ ಮತ್ತೆ ಪಂದ್ಯಕ್ಕೆ ಬರಬೇಕು. ಬಿದ್ದು ಹೆಗಲ ಮೂಳೆ ಮುರಿದುಕೊಂಡ ಮೇಲೆ ಹಳೆಯ ತ್ರೀ ನಾಟ್ ತ್ರೀ ರೈಫಲ್ ಒದೆಯುವುದನ್ನು ತಾಳಲಾರದೆ ಅವರು ಅದನ್ನು ತಮ್ಮನಿಗೆ ಕೊಟ್ಟುಬಿಟ್ಟಿದ್ದರು. ಊರಿನ ಗಂಡಸರೆಲ್ಲ ಗುಡ್ಡದ ಬುಡದಲ್ಲಿ ಗುರಿ ಹಿಡಿಯುವಾಗ ಇವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರಂತೆ.

"ಈ ಸಲ ಬಾಬಾನನ್ನು ಎಬ್ಬಿಸಬೇಕು," ಎಂದ ಸಾಲಿಂ, ನಮ್ಮಿಬ್ಬರ ಅರೆಬರೆ ಹಿಂದಿಯಲ್ಲಿ.

ನಾವು ಮೂವರೂ ಇಬ್ರಿಯ ಕೋವಿ ಅಂಗಡಿಗೆ ಹೋದೆವು. ಅಂಗಡಿಯವನು ದೊಡ್ಡ ಗುಂಡಿನ ತ್ರೀ ನಾಟ್ ಎಯ್ಟ್ ತೆಗೆದು ಮುಂದಿಟ್ಟ. ಗುಂಡು ದೂರ ಹೋಗುತ್ತದೆ, ಗಾಳಿಗೆ ಸುಲಭವಾಗಿ ಸರಿಯುವುದಿಲ್ಲ, ಎಲ್ಲ ಕೆಲಸಕ್ಕೂ ಇದೊಂದೇ ಸಾಕು ಎಂದ. ಸುಳ್ಳೇನಲ್ಲ, ಒದೆತದ ಮಾತು ಮಾತ್ರ ಎತ್ತಲಿಲ್ಲ. ನಾನೂ ದೊಡ್ಡ ತಿಳಿದವನಂತೆ ತಲೆಯಾಡಿಸಿದೆ. ಹಮೂದ್ ಅದನ್ನು ಹೆಗಲಿಗೆ ಒತ್ತಿ ನೋಡಿ, "ಜೈನ್, ಜೈನ್, ಚೆನ್ನಾಗಿದೆ," ಎಂದರು. ಮಗನಿಗೆ ಅದು ಹಿಡಿಸಿದ್ದು ಅವರಿಗೆ ಗೊತ್ತಾಗಿತ್ತು. ಕೆಳಗಿಟ್ಟ ಮೇಲೆ ಅವರ ಎಡಗೈ ಮೆಲ್ಲನೆ ಬಲ ಹೆಗಲನ್ನು ಹಿಡಿದುಕೊಂಡಿತು.

ಹೀಗೇ ಹೆಗಲು ಹಿಡಿದು ನಿಂತ ಅಮ್ಮನನ್ನು ನಾನು ನೋಡಿದ್ದೆ. ಅಪ್ಪ ಎತ್ತರದ ಆಳು, ಕೋವಿಯನ್ನೂ ತನ್ನ ಅಳತೆಗೇ ತಂದಿದ್ದ. ಅಪ್ಪ ಊರಲ್ಲಿಲ್ಲದ ದಿನ ಗದ್ದೆಗೆ ಹಂದಿ ನುಗ್ಗಿದಾಗ ಅಮ್ಮ ಒಂದು ಈಡು ಹೊಡೆದಳು. ಹಂದಿ ಓಡಿತು, ಅಮ್ಮನ ಹೆಗಲು ವಾರಗಟ್ಟಲೆ ನೀಲಿಗಟ್ಟಿತ್ತು. ಆಮೇಲೆ ಅವಳು ಕೋವಿ ಮುಟ್ಟಲಿಲ್ಲ, ಡಬ್ಬ ಬಡಿದೇ ಹಂದಿ ಓಡಿಸುತ್ತಿದ್ದಳು. ಡಬ್ಬದ ಸದ್ದು ಹಂದಿಗಳಿಗೆ ಬೇಗ ರೂಢಿಯಾಯಿತು. ನಮ್ಮ ಮನೆಯಲ್ಲಿ ಒಳ್ಳೆಯ ಕೋವಿಯೂ ಇತ್ತು, ತಿಂದುಹೋದ ಗದ್ದೆಯೂ ಇತ್ತು.

ಸಾಲಿಮನನ್ನು ಪಕ್ಕಕ್ಕೆ ಕರೆದು ಇಷ್ಟನ್ನೂ ಹೇಳಿದೆ. "ನಿನ್ನ ಹೆಗಲಿಗೆ ತೆಗೆದುಕೊಳ್ಳಬೇಡ ಮಾರಾಯ, ಬಾಬಾನ ಹೆಗಲಿಗೆ ತಗೋ."

ಅಂಗಡಿಯವನು ಟೂ ಟ್ವೆಂಟಿ ತ್ರೀ ತೆಗೆದ. ಗುಂಡು ಸಣ್ಣದು, ಒದೆತ ಕಡಿಮೆ. ದೂರದ ಗುರಿಗೆ ಗಾಳಿಯ ಲೆಕ್ಕ ಹಾಕಲೇಬೇಕು. ತೋಳಕ್ಕೆ ಸದ್ದು ಸಾಕು, ಮದುವೆಯಲ್ಲಿ ಗುಂಡಿನ ಅಳತೆ ಯಾರೂ ಕೇಳುವುದಿಲ್ಲ. ಸಾಲಿಂ ದೊಡ್ಡದನ್ನೇ ಒಂದಷ್ಟು ಹೊತ್ತು ನೋಡಿ, ಕೊನೆಗೆ ಸಣ್ಣದರ ಮೇಲೆ ಕೈಯಿಟ್ಟು, "ಖಲಾಸ್, ಆಯ್ತು, ಇದನ್ನೇ ಕೊಡಿ," ಎಂದ.

ಆ ಈದ್‌ಗೆ ನಾನೂ ಹೋಗಿದ್ದೆ. ಮಕ್ಕಳ ಗುಂಡು ಎಂದು ನೆಂಟರು ಚುಡಾಯಿಸಿದರು. ಹಮೂದ್ ಹೊಡೆದ ಮೊದಲ ಗುಂಡು ಗುರಿಯ ಪಕ್ಕ ಧೂಳೆಬ್ಬಿಸಿತು. ಅವರು ಹೆಗಲನ್ನೊಮ್ಮೆ ಆಡಿಸಿ ನೋಡಿದರು. ನೋವಿರಲಿಲ್ಲವೆಂದು ಕಾಣುತ್ತದೆ, ಮಗನತ್ತ ಕೈ ಚಾಚಿ ಇನ್ನೊಂದು ಗುಂಡು ಕೇಳಿದರು. ಸಾಲಿಂ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಈ ಸಂಜೆ ಅಲ್ ಮಬೇಲಾದ ನಮ್ಮ ಮನೆಯಲ್ಲಿ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಈಗ ನಮ್ಮ ಜೊತೆಗೇ ಇದ್ದಾಳೆ. ಸೊಸೆಯ ಪಕ್ಕ ಕೂತು ಬಸಳೆ ಹೆಚ್ಚುತ್ತಿದ್ದವಳು ಕೈ ನಿಲ್ಲಿಸದೆ ಅಂದಳು:

"ನಿನ್ನಪ್ಪ ಆ ಕೋವಿ ತರುವಾಗ ಒಮ್ಮೆ ನನ್ನ ಕೈಗೆ ಕೊಟ್ಟು ಕೇಳಿದ್ರೆ ಸಾಕಿತ್ತು ಮಗಾ. ನಾನು ಗುರಿ ತಪ್ಪುವವಳಲ್ಲ."