ಶೇಖರಮ್ಮ ಅಳೆದ ಮೂವತ್ತೊಂದು ಊರು

ಸಿಂಧನೂರು ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುತ್ತಿದ್ದ ಶೇಖರಮ್ಮನಿಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸಲೀಸು. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತಾರು ಬಂದಾಗ, ಹತ್ತಿ ವ್ಯಾಪಾರ ಮಾಡುತ್ತಿದ್ದ ಅಪ್ಪ ಅಮರಗುಂಡಪ್ಪ, "ಇಷ್ಟು ಲೆಕ್ಕ ಕಲ್ತು ಏನ್ ಮಾಡ್ತೀಯವ್ವಾ?" ಎಂದು ಕೇಳಿದ್ದ. "ಕೆಲಸ ತಾನ ಹುಡುಕ್ಕೊಂಡು ಬರ್ತೈತಿ, ತಗೋರಿ" ಎಂದಿದ್ದಳು.

ಬಂದದ್ದು ೧೯೮೭ರ ಬೇಸಿಗೆಯಲ್ಲಿ. ಕಾಲುವೆ ನೀರಿನಿಂದ ವಲಸೆ ಬಂದ ರೈತರ ಹೊಸ ಕ್ಯಾಂಪುಗಳು ಎದ್ದು, ಹಳೆ ಊರುಗಳು ಬೆಳೆದು, ಯಾವ ಹಳ್ಳಿ ಯಾವ ಪಿನ್‌ಕೋಡಿಗೆ ಸೇರಬೇಕೆಂದು ಮತ್ತೆ ನಿಗದಿ ಮಾಡಬೇಕಿತ್ತು. ಮೂವತ್ತೊಂದು ಊರುಗಳಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಚೇರಿಗಳಿಗೆ ಎಷ್ಟೆಷ್ಟು ದೂರ ಎಂಬ ಪಟ್ಟಿಯನ್ನು ಹದಿನೈದು ದಿನದಲ್ಲಿ ಕಳಿಸಿರೆಂದು ಮೇಲಿನಿಂದ ಕಾಗದ ಬಂತು.

"ಅರ್ಧ ಊರಿಗೆ ಬಸ್ಸೇ ಇಲ್ಲ. ಯಾರು ಅಳೀಬೇಕು?" ಎಂದು ಪೋಸ್ಟ್ ಮಾಸ್ತರ ಸೂಗಪ್ಪ ತಲೆ ಮೇಲೆ ಕೈಹೊತ್ತು ಕೂತ.

"ನಾ ಅಳೀತೀನ್ರೀ ಸರ, ಕುಂತಲ್ಲೇ" ಎಂದಳು ಶೇಖರಮ್ಮ.

ತಹಶೀಲ ಕಚೇರಿಯ ಸರ್ವೆಯವ ಗೌಸ್‌ಸಾಬ್ ಮೇಜಿನ ಮೇಲೆ ನಕಾಶೆ ಹಾಸಿಕೊಟ್ಟ. ಅವಳು ಒಂದೊಂದು ಊರಿನ ಅಕ್ಷಾಂಶ, ರೇಖಾಂಶ ಬರೆದುಕೊಂಡಳು. ಉತ್ತರ-ದಕ್ಷಿಣಕ್ಕೆ ಒಂದು ಡಿಗ್ರಿಯೆಂದರೆ ನೂರಾ ಹನ್ನೊಂದು ಕಿಲೋಮೀಟರು. ಪೂರ್ವ-ಪಶ್ಚಿಮಕ್ಕೆ ಈ ಸೀಮೆಯಲ್ಲಿ ನೂರಾ ಏಳು. ಎರಡು ಊರುಗಳ ನಡುವಿನ ಈ ಎರಡು ಅಂತರಗಳನ್ನು ಲಂಬಕೋನ ತ್ರಿಭುಜದ ಎರಡು ಬದಿ ಮಾಡಿದರೆ ಮೂರನೆಯ ಬದಿಯೇ ದೂರ.

"ಭೂಮಿ ಗುಂಡಗೈತಿ, ನಿನ್ನ ತ್ರಿಭುಜ ಸಪಾಟೈತಲ್ಲಬೇ?" ಎಂದು ಗೌಸ್‌ಸಾಬ್ ನಕ್ಕ.

"ದಿಲ್ಲಿಗೆ ಅಳೆಯೋದಾದ್ರ ಬ್ಯಾರೆ ಲೆಕ್ಕ ಹಾಕ್ತೀನ್ರೀ. ಮಸ್ಕಿಗೆ ಇದು ಸಾಕು."

ಸಿಂಧನೂರಿನಿಂದ ಮಸ್ಕಿಗೆ ಇಪ್ಪತ್ತನಾಲ್ಕು ಬಂತು. ಮೈಲಿಗಲ್ಲಿನ ಮೇಲೆ ಹೆಚ್ಚಿದೆಯಲ್ಲ ಎಂದು ಸೂಗಪ್ಪ ಕೇಳಿದ. "ರಸ್ತೆ ಸುತ್ತಿ ಹೋಗ್ತೈತ್ರೀ. ನಂದು ನೂಲು ಹಿಡಿದ್ಹಂಗ ನೆಟ್ಟಗ" ಎಂದಳು. ಮೂರು ದಿನದಲ್ಲಿ ಪಟ್ಟಿ ಮುಗಿಯಿತು.

ಕಳಿಸುವ ಮುಂಚೆ ಅದನ್ನು ಟಪಾಲು ಚೀಲ ಹೊರುವವರಿಗೆ ಓದಿ ಹೇಳಿದಳು. ಒಂದು ಊರಿನ ಹೆಸರು ಬಂದಾಗ ಪಾಮನಕಲ್ಲೂರಿನ ದುರುಗಪ್ಪ ತಡೆದ. "ಅಕ್ಕಾರ, ಈ ಊರಿಗೆ ಮಸ್ಕಿ ಹನ್ನೊಂದೇ ಕಿಲೋಮೀಟರ್ ಅಂದ್ರಿ. ನಡುವ ಹಳ್ಳ ಐತ್ರೀ. ಮಳೆಗಾಲದಾಗ ನಾಕು ತಿಂಗಳು ನಾ ಇಪ್ಪತ್ತೆರಡು ನಡೀತೀನಿ."

ಅವಳ ಮುಖ ಬಿಸಿಯಾಯಿತು. "ಲಿಂಗಸುಗೂರಿಗೆ?"

"ಹದಿನೇಳು. ವರ್ಷಪೂರ್ತಿ ಗಾಡಿ ದಾರಿ."

ಕಚೇರಿಗೆ ರಜೆಯಿದ್ದ ಐತವಾರ ಬೆಳಿಗ್ಗೆ ಸೀರೆಯ ನೆರಿಗೆ ಎತ್ತಿಕಟ್ಟಿ ದುರುಗಪ್ಪನ ಹಿಂದೆ ಹೊರಟಳು. ಹಳ್ಳದ ದಂಡೆಯ ಕರಿಕಲ್ಲಿನ ಮೇಲೆ ಹಿಂದಿನ ವರ್ಷದ ನೀರಿನ ಗೆರೆ ಅವಳ ಎದೆಮಟ್ಟಕ್ಕಿತ್ತು. ನಿಂತು ನೋಡಿದಳು. ತನ್ನ ಲೆಕ್ಕ ತಪ್ಪಿರಲಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಅದೊಂದೇ ಉತ್ತರವಾಗಿರಲಿಲ್ಲ.

ಪಟ್ಟಿಯನ್ನು ಹರಿಯಲಿಲ್ಲ. ಪ್ರತಿ ಊರಿನ ಮುಂದೆ ಇನ್ನೊಂದು ಗೀಟು ಎಳೆದು, ಮಳೆಗಾಲದ ನಡಿಗೆಯ ದೂರವನ್ನೂ ಹೊರುವವರನ್ನೇ ಕೇಳಿ ತುಂಬಿದಳು. ಪಟ್ಟಿಯಲ್ಲಿ ನಾಲ್ಕು ಊರುಗಳ ಕಚೇರಿ ಬದಲಾಯಿತು.

ತಪಾಸಣೆಗೆ ಬಂದ ಸಾಹೇಬರು ಹುಬ್ಬು ಗಂಟಿಕ್ಕಿದರು. "ಒಂದೂರಿಗೆ ಎರಡು ದೂರ ಯಾಕಮ್ಮ?"

"ಮೊದಲ್ನೇದು ನಕಾಶೆದ್ದು ಸರ, ಎರಡ್ನೇದು ಕಾಲಿಂದು. ಎರಡೂ ಸರಿಯದಾವ. ನಂಬಿಕಿ ಇಲ್ಲಂದ್ರ ಯಾವ ಊರಿಗೆ ಬೇಕಾದ್ರೂ ನಡೀರಿ, ನಾನೂ ಬರ್ತೀನಿ."

ಸಾಹೇಬರು ಮೂರು ಊರು ಆರಿಸಿ, ಮಳೆಗಾಲದ ದಾರಿಯಲ್ಲೇ ಜೀಪು ಓಡಿಸಿ ಮೀಟರು ನೋಡಿದರು. ಮೂರೂ ಅವಳ ಎರಡನೆಯ ದೂರಕ್ಕೆ ಅರ್ಧ ಕಿಲೋಮೀಟರಿನೊಳಗೆ ಹೊಂದಿದವು. ಅಲ್ಲೇ ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ಆ ಮಳೆಗಾಲದಲ್ಲಿ ಹಳ್ಳ ಒಂಬತ್ತು ದಿನ ದಂಡೆಯನ್ನೇ ಮೀರಿ ಹರಿಯಿತು. ಆ ಊರಿನ ಕಾಗದಗಳು ಒಂದು ದಿನವೂ ತಪ್ಪದೆ ಲಿಂಗಸುಗೂರಿನ ಕಡೆಯಿಂದ ಬಂದವು. ೧೯೯೪ರಲ್ಲಿ ಇಲಾಖೆಯ ಪರೀಕ್ಷೆ ಪಾಸಾಗಿ ಶೇಖರಮ್ಮ ಸಣ್ಣದೊಂದು ಅಂಚೆ ಕಚೇರಿಗೆ ಪೋಸ್ಟ್ ಮಾಸ್ತರಾಗಿ ಹೋದಳು. ಮೊದಲ ದಿನವೇ ಚೀಲ ಹೊತ್ತು ಬರುವವರಿಗೆ ಕೂರಲು ಒಂದು ಬೆಂಚು ಮಾಡಿಸಿ, ತನ್ನ ಕುರ್ಚಿಯ ಎದುರಿಗೇ ಹಾಕಿಸಿದಳು.