ಆಹಿರಿ ಯಾರ ಪಾಠ

ನಮ್ಮದು ವಾಲಗದವರ ಮನೆ. ಕೊಳ್ಳೇಗಾಲದಲ್ಲಿ ದೊಡ್ಡಪ್ಪ ನಾಗಸ್ವರ ನುಡಿಸುತ್ತಿದ್ದರು, ಪಕ್ಕದಲ್ಲಿ ಅಪ್ಪ ಶ್ರುತಿ ಹಿಡಿಯುತ್ತಿದ್ದರು. ಶ್ರುತಿ ಹಿಡಿಯುವುದೆಂದರೆ ಉದ್ದನೆಯ ಕೊಳವೆಗೆ ಕೆನ್ನೆ ಉಬ್ಬಿಸಿಕೊಂಡು ಒಂದೇ ಸ್ವರವನ್ನು ಕಛೇರಿ ಮುಗಿಯುವವರೆಗೂ ಬಿಡದೆ ಊದುವುದು. ಶ್ರುತಿಯವನ ಮುಖವನ್ನು ಯಾರೂ ನೋಡುವುದಿಲ್ಲ. ಅಪ್ಪನಿಗೆ ಅದರ ಬೇಸರವೇನೂ ಇರಲಿಲ್ಲ. ಮಾತಿನಲ್ಲೂ ಅವರು ಅಣ್ಣನಿಗೆ ಶ್ರುತಿಯೇ. ಅಣ್ಣ ಅಂದದ್ದಕ್ಕೆ ಹೂಂಗುಟ್ಟಿ ಬದುಕಿದವರು.

ದೊಡ್ಡಪ್ಪನಿಗೆ ಹೆಸರು ತಂದದ್ದು ಆಹಿರಿ ರಾಗ. ಬೆಳಿಗ್ಗೆ ಆಹಿರಿ ಎತ್ತಿದರೆ ಆ ದಿನ ಅನ್ನ ಹುಟ್ಟುವುದಿಲ್ಲ ಎಂಬ ಮಾತು ಇದೆ. ಹಾಗಾಗಿ ನಮ್ಮ ಕಡೆಯ ಬಹಳ ಮಂದಿ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ದೊಡ್ಡಪ್ಪನಿಗೆ ಅದನ್ನು ಕಲಿಸಿದವಳು ದೊಡ್ಡಮ್ಮ, ಅವರ ಹೆಂಡತಿ. ದೊಡ್ಡಮ್ಮನಿಗೆ ಬಂದದ್ದು ಅವಳ ತಾಯಿಯಿಂದ. ಶಾಗ್ಯ ಎಂಬ ಹಳ್ಳಿಯ ಆ ಹೆಂಗಸು ತನ್ನ ತವರಿನಲ್ಲಿ ಗೋಡೆಯಾಚೆಯಿಂದ ಕೇಳಿ ಕಲಿತದ್ದನ್ನು, ಯಾರದೋ ಮನೆಯ ರಾಗಿ ಬೀಸುತ್ತ ಹಾಡುತ್ತಿದ್ದಳಂತೆ. ಅವಳ ಗಂಡನೂ ನಾಗಸ್ವರದವನೇ, ಆದರೆ ಆಹಿರಿ ಎಂದರೆ ಹೆದರುಪುಕ್ಕಲ. "ಬೆಳಿಗ್ಗೆಲೇ ಅದ ಆಡ್ಬ್ಯಾಡ, ಅನ್ನ ಸಿಕ್ಕಕಿಲ್ಲ" ಎಂದು ಗದರಿದರೆ, "ಆಡ್ದೆ ಇದ್ದಾಗ ಎಷ್ಟು ಸಿಕ್ತು?" ಅನ್ನುತ್ತಿದ್ದಳಂತೆ. ಈ ಮಾತನ್ನು ದೊಡ್ಡಮ್ಮ ನನಗೆ ಎಷ್ಟು ಸಲ ಹೇಳಿದ್ದಳೋ. ಹೇಳುವಾಗಲೆಲ್ಲ ನಗುತ್ತಿದ್ದಳು.

ನಮ್ಮ ಮನೆಗಳಲ್ಲಿ ಹೆಂಗಸರು ವಾದ್ಯ ಮುಟ್ಟುವಂತಿಲ್ಲ. ದೊಡ್ಡಮ್ಮ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಹಾಡುವಳು, ದೊಡ್ಡಪ್ಪ ಪಡಸಾಲೆಯಲ್ಲಿ ಅದನ್ನು ನುಡಿಸಿ ಹಿಡಿಯುವರು. ತಪ್ಪಿದರೆ ಒಳಗಿನಿಂದ, "ಸ್ವರ ಇಳಿಯವಾಗ ಆತ್ರ ಪಡ್ಬ್ಯಾಡಿ" ಎಂದು ಕೂಗುವಳು. ಬೀದಿಯವರಿಗೆ ಕೇಳುತ್ತಿದ್ದುದು ನಾಗಸ್ವರ ಮಾತ್ರ.

ನಾನು ಹೈಸ್ಕೂಲಿನಲ್ಲಿದ್ದಾಗ ಮೈಸೂರಿನ ರೇಡಿಯೋದವರು ದೊಡ್ಡಪ್ಪನನ್ನು ಕರೆದರು. ಬೆಳಗಿನ ಕಛೇರಿ, ಸ್ಟುಡಿಯೋದಿಂದ ನೇರ ಪ್ರಸಾರ, ಮುಗಿದ ಮೇಲೆ ಅಲ್ಲೇ ಸಂದರ್ಶನ. ಹಿಂದಿನ ದಿನವೇ ಹೊರಟ ಅಣ್ಣತಮ್ಮಂದಿರು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ದೊಡ್ಡಮ್ಮ ಹೊಸಿಲಿಗೆ ಬಂದು ನಿಂತಳು.

"ಆಹಿರಿ ಯಾರ್ ಕಲ್ಸುದ್ರು ಅಂತ ಕೇಳೇ ಕೇಳ್ತರೆ. ನನ್ ಎಸ್ರು ಬ್ಯಾಡ. ನಮ್ಮವ್ವನ ಎಸ್ರು ಯೋಳಿ."

ದೊಡ್ಡಪ್ಪ "ಊಂ" ಅಂದರು. ಅವಳು ಅಲ್ಲಿಯವರೆಗೆ ಗಂಡನನ್ನು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅವಳ ತಾಯಿ ಸತ್ತು ಬಹಳ ಕಾಲವಾಗಿತ್ತು, ಶಾಗ್ಯದಲ್ಲಿ ಆ ಮನೆಯವರು ಅನ್ನಲು ಯಾರೂ ಉಳಿದಿರಲಿಲ್ಲ. ದೊಡ್ಡಮ್ಮ ಒಬ್ಬಳೇ ಮಗಳು, ಅವಳಿಗೆ ಮಕ್ಕಳಿಲ್ಲ. ಒಂದು ಸಲ ನಾಲ್ಕು ಜನರ ಕಿವಿಗೆ ತಾಯಿಯ ಹೆಸರು ಬೀಳಲಿ ಎಂಬುದಷ್ಟೇ ಅವಳ ಆಸೆ.

ಮರುದಿನ ಬೆಳಿಗ್ಗೆ ರೇಡಿಯೋವನ್ನು ಸ್ಟೂಲಿನ ಮೇಲೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಕನಕಾಂಬರ ಮುಡಿಸಿದಳು. ಪಕ್ಕದ ಮನೆಯಿಂದ ಟೇಪ್ ರೆಕಾರ್ಡರ್ ತಂದು ಅದರ ಎದುರು ಇಟ್ಟೆವು. ಗುಂಡಿ ಒತ್ತುವ ಕೆಲಸ ನನ್ನದು. ಆಹಿರಿ ಶುರುವಾಗುವುದಕ್ಕೆ ಮೊದಲೇ ಎಲ್ಲರಿಗೂ ಇಡ್ಲಿ ಬಡಿಸಿ ತಿನ್ನಿಸಿಬಿಟ್ಟಳು. ತಾಯಿಯಷ್ಟು ಎದೆಗಾರಿಕೆ ತನಗಿಲ್ಲ ಎಂದು ತಾನೇ ನಕ್ಕಳು. ಬೀದಿಯವರೆಲ್ಲ ಬಂದು ಪಡಸಾಲೆ ತುಂಬಿ ಜಗುಲಿಯವರೆಗೂ ಕೂತರು.

ದೊಡ್ಡಪ್ಪ ಅಂದು ಚೆನ್ನಾಗಿ ನುಡಿಸಿದರು. ಬಯಲಲ್ಲಿ ಊದುವ ವಾದ್ಯವನ್ನು ಬಟ್ಟೆ ಹೊಡೆದ ಗೋಡೆಗಳ ನಡುವೆ ಊದುವುದು ಹಿಂಸೆ ಎಂದು ಅಪ್ಪ ಆಮೇಲೆ ಹೇಳಿದರು. ಕಂಬಳಿ ಹೊದ್ದುಕೊಂಡು ಕೂಗಿದ ಹಾಗಂತೆ. ನಮಗೇನೂ ಗೊತ್ತಾಗಲಿಲ್ಲ. ದೊಡ್ಡಮ್ಮನ ತುಟಿ ರಾಗದ ಜೊತೆಗೇ ಅಲುಗುತ್ತಿತ್ತು.

ಕೊನೆಗೆ ಮಂಗಳ ಬಂತು. ಮಂಗಳ ನುಡಿಸಿದರೆ ಆರತಿ ಎತ್ತಬೇಕು, ಎತ್ತಿದ ಆರತಿಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಅದು ದೇವಸ್ಥಾನದ ಕ್ರಮ. ವಾಲಗದವರ ಮನೆಗೆ ಬೇರೆ ಕ್ರಮ ಗೊತ್ತಿಲ್ಲ. ದೊಡ್ಡಮ್ಮ ತಟ್ಟೆಯಲ್ಲಿ ಕರ್ಪೂರ ಹಚ್ಚಿ ರೇಡಿಯೋಗೆ ಬೆಳಗಿದಳು. ಯಾರೋ ಗಂಟೆ ಅಲ್ಲಾಡಿಸಿದರು. ಎದುರು ಮನೆಯ ಯಜಮಾನರು ಜಾಗಟೆಯನ್ನೇ ತಂದಿದ್ದರು. ಭಕ್ತಿ ಬಂದರೆ ಅವರ ಕೈ ನಿಲ್ಲುವುದಿಲ್ಲ. ಅಷ್ಟರಲ್ಲಿ ರೇಡಿಯೋದಲ್ಲಿ ಸಂದರ್ಶನ ಶುರುವಾಗಿತ್ತು. ಆಹಿರಿ ಎಂಬ ಮಾತು ಕೇಳಿಸಿತು, ಪ್ರಶ್ನೆಯ ತುದಿ ಕೇಳಿಸಿತು, ಆಮೇಲೆ ಬರೀ ಜಾಗಟೆ. ಕೈಯಲ್ಲಿ ಉರಿಯುವ ತಟ್ಟೆ ಹಿಡಿದ ದೊಡ್ಡಮ್ಮ ಸುಮ್ಮನಿರಿ ಎನ್ನುವಂತೆಯೂ ಇಲ್ಲ, ತಟ್ಟೆ ಇಳಿಸುವಂತೆಯೂ ಇಲ್ಲ. ಕರ್ಪೂರ ಆರಿ ಜಾಗಟೆ ನಿಂತಾಗ ದೊಡ್ಡಪ್ಪನ ದನಿ, "ಅವ್ರ ಆಶೀರ್ವಾದ ಸಾ" ಎಂದು ಮುಗಿಸುತ್ತಿತ್ತು. ಕ್ಯಾಸೆಟ್ಟಿನಲ್ಲೂ ಇದ್ದದ್ದು ಅದೇ.

ಯಾರ ಆಶೀರ್ವಾದ? ಸಂಜೆ ಮನೆಗೆ ಬಂದ ದೊಡ್ಡಪ್ಪನನ್ನು ಅವಳು ಒಂದೇ ಸಲ ಕೇಳಿದಳು.

"ಕೆಂಪು ಲೈಟ್ ಕಂಡು ಎದೆ ಒಡ್ಕಬುಡ್ತು. ಏನ್ ಯೋಳುದ್ನೋ ನಂಗೇ ಗ್ಯಾನ ಇಲ್ಲ" ಅಂದರು ಅವರು.

ಅಪ್ಪ ಊಟದ ತಟ್ಟೆಯಿಂದ ಕಣ್ಣೆತ್ತದೆ, "ಯೋಳ್ದ ಕನ ಅತ್ಗೆ, ಯೋಳ್ದ" ಅಂದರು.

ಆ ಕ್ಯಾಸೆಟ್ಟನ್ನು ಅವಳು ಎಷ್ಟು ವರ್ಷ ಹಾಕಿ ಕೇಳಿದಳೋ. ಜಾಗಟೆಯ ಸಂದಿನಲ್ಲಿ ಹೆಸರು ಕೇಳಿಸಿತು ಎಂದು ಒಂದು ದಿನ, ಇಲ್ಲ ಎಂದು ಇನ್ನೊಂದು ದಿನ. ದೊಡ್ಡಪ್ಪ ತೀರಿಕೊಂಡರು. ಟೇಪು ಹಿಗ್ಗಿ ಹಾಳಾಯಿತು. ದೇವಸ್ಥಾನಗಳಿಗೆ ಕರೆಂಟಿನ ನಗಾರಿ ಬಂತು, ಅಪ್ಪನ ಕೊಳವೆ ಗೋಡೆ ಸೇರಿತು. ನಾನು ಮೇಷ್ಟ್ರ ಕೆಲಸ ಸಿಕ್ಕಿ ಯಳಂದೂರಿಗೆ ಬಂದೆ. ಕೊಳ್ಳೇಗಾಲಕ್ಕೆ ಹೋದಾಗಲೆಲ್ಲ ದೊಡ್ಡಮ್ಮ ಅದೇ ಮಾತು ತೆಗೆಯುತ್ತಿದ್ದಳು.

ಕಳೆದ ವರ್ಷ ಅವಳು ಹಾಸಿಗೆ ಹಿಡಿದಳು. ಹೃದಯ ಸೋತಿದೆ ಎಂದರು ಡಾಕ್ಟರು. "ಸಾಯೋಕ್ ಮುಂಚೆ ಅದೊಂದ ತಿಳ್ಕಬೇಕು ಮಗ" ಅಂದಳು. ಮೈಸೂರಿಗೆ ಹೋಗಿ ರೇಡಿಯೋದವರನ್ನು ಕೇಳಿದೆ. ಪಾಪ, ಕೂರಿಸಿ ಕಾಫಿ ಕೊಟ್ಟು ಹುಡುಕಿದರು. ಆ ನೇರ ಪ್ರಸಾರದ ಟೇಪು ಸಿಗಲಿಲ್ಲ. ಕೊನೆಗೆ ಹನೂರಿನ ಸಹೋದ್ಯೋಗಿಯೊಬ್ಬರು ಅಜ್ಜೀಪುರದ ನಿವೃತ್ತ ಮೇಷ್ಟ್ರೊಬ್ಬರ ವಿಷಯ ಹೇಳಿದರು. ರೇಡಿಯೋ ಕಛೇರಿಗಳನ್ನೆಲ್ಲ, ಹೊರಗಿನ ಸದ್ದು ಸೇರದ ಹಾಗೆ ನೇರ ವೈರು ಹಾಕಿ ಟೇಪು ಮಾಡಿಟ್ಟುಕೊಳ್ಳುವ ಹುಚ್ಚು ಅವರಿಗೆ. ಹೋದೆ. ಅವರು ಟ್ರಂಕು ತೆಗೆದರು, ಹುಡುಕಿದರು, ಸಿಕ್ಕಿತು. ಆಹಿರಿಯ ಮೊದಲ ಎಳೆ ಕೇಳಿ ಇದೇ ಎಂದೆ. ಮಿಕ್ಕದ್ದನ್ನು ಹಾಗೇ ಮೊಬೈಲಿಗೆ ಹಾಕಿಕೊಟ್ಟರು. ಬಸ್ಸಿನಲ್ಲಿ ಕೇಳಬಹುದಿತ್ತು. ಅವಳಿಗಿಂತ ಮೊದಲು ಕೇಳುವುದು ಸರಿಯಲ್ಲ ಅನ್ನಿಸಿ ಫೋನನ್ನು ಬ್ಯಾಗಿನೊಳಗೆ ಇಟ್ಟೆ.

ಕೊಳ್ಳೇಗಾಲದಲ್ಲಿ ದೊಡ್ಡಮ್ಮನ ಮಂಚದ ಪಕ್ಕ ಕೂತು ಫೋನು ತೆಗೆದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದರು. "ಈಗ ಬ್ಯಾಡ ಬುಡು ಮಗ, ಆಸ್ಪತ್ರೆಯಿಂದ ಈಗ್ತಾನೆ ಬಂದವ್ಳೆ" ಅಂದರು. ಅವರ ದನಿಯಲ್ಲೇ ನನಗೆ ಅರ್ಧ ಗೊತ್ತಾಯಿತು. ದೊಡ್ಡಮ್ಮ ಮಾತ್ರ, "ಆಕು" ಅಂದಳು.

ಜಾಗಟೆಯಿಲ್ಲದ ಆ ಬೆಳಿಗ್ಗೆಯನ್ನು ನಾವು ಮೊದಲ ಸಲ ಕೇಳಿದೆವು. ಮಂಗಳ ಮುಗಿಯಿತು. ಸಂದರ್ಶಕರು ಮರ್ಯಾದೆಯ ದನಿಯಲ್ಲಿ, ಈ ಅಪರೂಪದ ಆಹಿರಿ ತಮಗೆ ಯಾರಿಂದ ಪಾಠವಾಯಿತು ಎಂದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಆಮೇಲೆ ಹೇಳಿದರು: "ನಮ್ಮ ಮಾವನೋರು ಸಾ. ಶಾಗ್ಯದಲ್ಲಿ ದೊಡ್ಡ ವಿದ್ವಾಂಸ್ರು. ಅವ್ರ ಆಶೀರ್ವಾದ ಸಾ."

ದೊಡ್ಡಮ್ಮ ಇನ್ನೊಂದು ಸಲ ಹಾಕಿಸಿದಳು.

"ನಮ್ಮಪ್ಪ ಆಯಿರಿ ಅಂದ್ರೆ ಕಿವಿ ಮುಚ್ಕತಿದ್ದ" ಅಂದಳು.

ಅಪ್ಪ ಒಳಗೆ ಬಂದು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತರು. ಅಣ್ಣನ ಬಗ್ಗೆ ಅವರು ಸ್ವಂತ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ. "ಬಸ್ನಲ್ಲಿ ನಿಮ್ಮವ್ವನ ಎಸ್ರ ಬಾಯಿಪಾಠ ಮಾಡ್ಕಂಡೇ ಬಂದ ಅತ್ಗೆ. ಅಲ್ಲೋದ್ರೆ ದೊಡ್ಡ ದೊಡ್ಡ ವಿದ್ವಾಂಸ್ರು ಕೂತವ್ರೆ. ಎಂಗಸ್ರತ್ರ ಕಲ್ತೆ ಅಂದ್ರೆ ನಗ್ತರೆ ಅಂತ ಮಾತು ತಿರುಗುಸ್ಬುಟ್ಟ. ಬರವಾಗ ಕೊಳ್ಳೇಗಾಲದ ಗಂಟ ತುಟಿ ಬಿಚ್ನಿಲ್ಲ."

"ಅಂಗಾದ್ರೆ ಮರ್ತಿರ್ನಿಲ್ಲ."

"ಇಲ್ಲ ಅತ್ಗೆ."

"ಮರ್ತಿದ್ರೆ ವಾಸಿಯಾಗಿತ್ತು" ಅಂದಳು ದೊಡ್ಡಮ್ಮ.

ನನಗೆ ಸತ್ತವರ ಮೇಲೂ ಬದುಕಿದವರ ಮೇಲೂ ಕೋಪ ಬಂತು. ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಆದರೂ ಆ ಹೊತ್ತು ಗೋಡೆಯ ಮೇಲಿನ ಅವರ ಫೋಟೋ ನೋಡಲು ಮನಸ್ಸಾಗಲಿಲ್ಲ. ಒಂದು ಹೆಸರು, ಬಾಯಲ್ಲಿ ಸಿದ್ಧವಾಗಿದ್ದ ಹೆಸರು, ಉಗುಳಿದ್ದರೆ ಏನು ಗಂಟು ಹೋಗುತ್ತಿತ್ತು? ಆಗಲೇ ನನಗೆ ಹೊಳೆದದ್ದು, ಆ ಹೆಸರು ನನಗೂ ಗೊತ್ತಿಲ್ಲ. ದೊಡ್ಡಮ್ಮನ ಬಾಯಲ್ಲಿ ಅದು ಯಾವಾಗಲೂ "ನಮ್ಮವ್ವ".

"ನಿಮ್ಮವ್ವನ ಎಸ್ರೇನು ದೊಡ್ಡಮ್ಮ?" ಎಂದು ಕೇಳಿದೆ.

"ಈಗ್ಯಾಕೆ ಬುಡು ಮಗ. ಯೋಳೋ ಕಡೆ ಯೋಳ್ನಿಲ್ಲ." ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ಮನಸ್ಸು ತಿಳಿಯಾದ ಮೇಲೆ ಕೇಳಿದರಾಯಿತು ಎಂದುಕೊಂಡೆ. ತಿಳಿಯಾಗಲಿಲ್ಲ. ಅವಳು ಆಮೇಲೆ ರೇಡಿಯೋ ಹಾಕು ಅನ್ನಲಿಲ್ಲ, ಆಹಿರಿಯ ಸುದ್ದಿ ಎತ್ತಲಿಲ್ಲ, ಆ ತಿಂಗಳು ಕಳೆಯುವುದರೊಳಗೆ ಹೋಗಿಬಿಟ್ಟಳು.

ಬಸ್ಸಿನಲ್ಲಿ ಕೇಳಿದ ಹೆಸರು ನೆನಪಿದೆಯೇ ಎಂದು ಅಪ್ಪನನ್ನು ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡು ತುಟಿ ಅಲುಗಿಸಿ ನೋಡಿದರು. "ಎಷ್ಟೋ ಸಲ ಅಂದ ಮಗ. ಬಾಯಿಗೆ ಬರ್ನಿಲ್ಲ ನೋಡು" ಎಂದು ಅತ್ತರು.

ಕಾವೇರಿ ದಂಡೆಯಲ್ಲಿ ಅವಳ ಕರ್ಮ ಮಾಡಿದೆವು. ಪಿಂಡ ಇಡುವಾಗ ಪುರೋಹಿತರು ಸತ್ತವಳ ಅತ್ತೆಯ ಹೆಸರು ಕೇಳಿದರು. ಅಪ್ಪ ಹೇಳಿದರು. ಅತ್ತೆಯ ಅತ್ತೆಯ ಹೆಸರು ಕೇಳಿದರು. ಅದನ್ನೂ ತಡವರಿಸದೆ ಹೇಳಿದರು. ಅವಳ ತಾಯಿಯ ಹೆಸರನ್ನು ಪುರೋಹಿತರು ಕೇಳಲಿಲ್ಲ. ಕೇಳಿದ್ದರೂ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.